ಸೊಂಟದವರೆಗೆ ಬೆಂಕಿ

ರಟ್ಟಿನ ಪೆಟ್ಟಿಗೆಗಳಿಂದ ಇಟಲಿಯನ್ನು ಕಟ್ಟುವುದಕ್ಕೆ ಎರಡು ವಾರಾಂತ್ಯ ಸಾಕಾಗಿದ್ದವು. ಸುಮುಖ್ ಅಡುಗೆಕಟ್ಟೆಗೆ ಒರಗಿಕೊಂಡು ತನ್ನದೇ ಲಿವಿಂಗ್ ರೂಮಿನಲ್ಲಿ ಎದ್ದು ನಿಂತಿದ್ದ ಆ ದೇಶವನ್ನು ನೋಡಿದ. ಎಲ್ಲಕ್ಕಿಂತ ಮೇಲಿನ ಮೆಟ್ಟಿಲಲ್ಲಿ ಪಟ್ಟದ ರಾಜರಾಣಿಯರು, ಮೈಸೂರಿನಿಂದ ಅತ್ತೆಯ ಸೀರೆಗಳ ನಡುವೆ ಸುತ್ತಿಕೊಂಡು ಬಂದವರು, ಎಂದಿನಂತೆ ಯಾರನ್ನೂ ನೋಡದೆ ನಿಂತಿದ್ದರು. ಅವರ ಕೆಳಗೆ ದಶಾವತಾರ, ಅದರ ಕೆಳಗೆ ಅಕ್ಕಿಬೇಳೆ ಹರವಿಕೊಂಡು ಕೂತ ಶೆಟ್ಟಿ ದಂಪತಿ, ಅಲ್ಲಿಂದ ಕೆಳಕ್ಕೆ ರೋಮ್‌ನಿಂದ ಶುರುವಾಗುವ ಇಟಲಿ. ಬೆಟ್ಟದ ಊರೆಂದರೆ ಡೈಪರ್ ಪೆಟ್ಟಿಗೆಯಿಂದ ಹಿಡಿದು ಮಾನಿಟರ್ ಬಂದ ಪೆಟ್ಟಿಗೆಯವರೆಗೆ ಒಂದರ ಮೇಲೊಂದು ಪೇರಿಸಿ ಇಟ್ಟಿಗೆ ಬಣ್ಣ ಬಳಿದದ್ದು. ಡೈಪರ್ ಪೆಟ್ಟಿಗೆಗಳನ್ನು ಮಕ್ಕಳಿದ್ದ ಗೆಳತಿಯರಿಂದ ಕೇಳಿ ತಂದಿದ್ದರು. ಸಮುದ್ರವೆಂದರೆ ಹೆಂಡತಿ ಜಾಹ್ನವಿಯ ಮಿಂಚಿನ ನೀಲಿ ದುಪಟ್ಟಾ. ಅದರ ದಂಡೆಯಲ್ಲಿ ಗುಲಾಬಿ ಹಳದಿ ಮನೆಗಳು, ಕಾಗದದ ದೋಣಿಗಳು. ಒಂದು ಶಾಂಪೂ ಬಾಟಲಿಗೆ ಬಿಳಿ ಹಾಳೆ ಸುತ್ತಿ ವಾಲಿಸಿ ನಿಲ್ಲಿಸಿದ್ದರು. ಇಟಲಿ ಪ್ರವಾಸದಲ್ಲಿ ಪೀಸಾದ ವಾಲುಗೋಪುರಕ್ಕೆ ಅವರು ಹೋಗಿಯೇ ಇರಲಿಲ್ಲ. "ಇಟಲಿ ಅಂದ್ಮೇಲೆ ಅದಿರ್ಬೇಕಲ್ವಾ?" ಎಂದಿದ್ದಳು ಜಾಹ್ನವಿ, ಇದರಲ್ಲಿ ಕೇಳುವುದೇನಿದೆ ಎನ್ನುವ ಹಾಗೆ. ಇಲ್ಲದೆ ಏನು, ಇರಬೇಕು. ಹೋದ ವರ್ಷ ಇದೇ ಬೀದಿಯ ಕೊನೆಯ ಮನೆಯವರು ಗೊಂಬೆಗೆ ಚಂದ್ರಯಾನ ಮಾಡಿದ್ದರು, ಅದರಲ್ಲಿ ಗಗನಯಾತ್ರಿಯ ಪಕ್ಕ ಗಣಪತಿ ಹೆಲ್ಮೆಟ್ ಹಾಕಿಕೊಂಡು ಕೂತಿದ್ದ. ಸಿಯಾಟಲ್ ಬಳಿಯ ಈ ಎಜುಕೇಶನ್ ಹಿಲ್‌ನ ಮೇಲೆ ಒಂದೇ ಬೂದು ಬಣ್ಣದ, ಒಂದೇ ಗರಾಜಿನ ಮನೆಗಳಲ್ಲಿ ವಾಸಿಸುವ ಜನಕ್ಕೆ ಒಬ್ಬರಿಂದೊಬ್ಬರು ಬೇರೆಯಾಗಲು ವರ್ಷಕ್ಕೆ ಒಂಬತ್ತು ದಿನವಾದರೂ ಬೇಕಲ್ಲ ಎಂದುಕೊಂಡ ಸುಮುಖ್. ಹೊರಗೆ ಮಧ್ಯಾಹ್ನದ ತುಂತುರು ಶುರುವಾಗಿತ್ತು, ಶುರುವಾಗಿದ್ದು ಗೊತ್ತಾಗದ ಹಾಗೆ, ನಿಲ್ಲುವ ಇರಾದೆಯೂ ಇಲ್ಲದೆ.

"ಇದು ಬೆಟ್ಟದ ಊರು ನಾಣಿ. ಇಟಲೀಲಿ ಊರೆಲ್ಲಾ ಬೆಟ್ಟದ ಮೇಲೇ," ಎನ್ನುತ್ತಿದ್ದರು ಅವನ ಅತ್ತೆ ವಸಂತಲಕ್ಷ್ಮಿ. ಬೆಳಿಗ್ಗೆಯಿಂದ ಬಂದವರಿಗೆಲ್ಲ ಇದನ್ನೇ ಇದೇ ಕ್ರಮದಲ್ಲಿ ಹೇಳಿ ಹೇಳಿ ಅವರ ದನಿಗೆ ಅರಮನೆಯ ಗೈಡುಗಳ ಒಂದು ಇಳಿಜಾರು ಬಂದುಬಿಟ್ಟಿತ್ತು. "ಯಾಕೆ ಅಂದ್ರೆ ಶತ್ರುಗಳ ಭಯ. ಕೆಳಗೆ ಕಾರು ನಿಲ್ಲಿಸ್ಬೇಕು, ಮೇಲಕ್ಕೆ ನಡೀಬೇಕು. ನಮ್ಮ ಚಾಮುಂಡಿ ಬೆಟ್ಟಾನೇ ಅನ್ನು."

"ನಾವು ಕ್ರೂಸಲ್ಲಿ ಹೋದ್ವಿ ಅಮ್ಮ," ಎಂದ ನಾಣಿ ಸಂಡಿಗೆ ಮುರಿಯುತ್ತ. ನಾಣಿ ಕ್ಯಾನ್ಯನ್ ಪಾರ್ಕಿನ ಒಂದು ಔಷಧ ಕಂಪನಿಯಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿ, ಆ ಇಪ್ಪತ್ತು ವರ್ಷದ ಬಲದಲ್ಲಿ ಎಲ್ಲ ವಿಷಯದ ಮೇಲೂ ಅಭಿಪ್ರಾಯ ಕೊಡುತ್ತಿದ್ದವ. ಅವನ ಹೆಂಡತಿ ಊರಿಗೆ ಹೋಗಿದ್ದರಿಂದ ಈ ಒಂಬತ್ತು ದಿನವೂ ಯಾರ ಮನೆಯಲ್ಲಿ ಗೊಂಬೆ ಕೂರಿಸಿದ್ದರೂ ಅಲ್ಲಿ ಊಟಕ್ಕೆ ಹಾಜರು. "ಬೆಳಿಗ್ಗೆ ಇಳಿಸಿದ್ರು, ಮೂರು ಗಂಟೇಲಿ ಫ್ಲಾರೆನ್ಸ್ ಮುಗಿಸಿದ್ವಿ. ಏನಿದೆ ಅಲ್ಲಿ? ಎಲ್ಲಾ ಕಲ್ಲು. ಐಸ್‌ಕ್ರೀಮ್ ಚೆನ್ನಾಗಿತ್ತು."

"ಹೌದಪ್ಪ, ಐಸ್‌ಕ್ರೀಮ್ ಚೆನ್ನಾಗಿರತ್ತೆ," ಎಂದರು ವಸಂತಲಕ್ಷ್ಮಿ ಗಂಭೀರವಾಗಿ. "ಇಲ್ನೋಡು, ಇದು ಮುಖ್ಯ. ಇದನ್ನ ನಾನೇ ಆರಿಸಿ ತಂದಿದ್ದು, ನೇಪಲ್ಸ್‌ನಲ್ಲಿ. ಅಲ್ಲೊಂದು ಬೀದಿ ಪೂರ್ತಿ ಗೊಂಬೆ ಮಾಡೋವ್ರೇ ಇದಾರೆ. ಸೀತಾದೇವಿ. ಅಗ್ನಿಪ್ರವೇಶ. ಮುಖದ ಕಳೆ ನೋಡು. ಅವ್ರಿಗೂ ರಾಮಾಯಣ ಗೊತ್ತು ಅನ್ನು!"

ಗೇಣುದ್ದದ ಮಣ್ಣಿನ ಗೊಂಬೆ. ಸೊಂಟದವರೆಗೆ ಕೆಂಪು ಕಿತ್ತಳೆ ಜ್ವಾಲೆ, ಅದರೊಳಗಿಂದ ಎದ್ದ ಹೆಂಗಸು, ಬಿಚ್ಚಿದ ಕಪ್ಪು ಕೂದಲು, ಮೇಲಕ್ಕೆತ್ತಿದ ಎರಡು ಕೈ, ಅರ್ಧ ತೆರೆದ ಬಾಯಿ. ಸಮುದ್ರಕ್ಕೂ ಬೆಟ್ಟದ ಊರಿಗೂ ನಡುವೆ ಅವಳಿಗಾಗಿಯೇ ಒಂದು ಪೀಠ ಮಾಡಿ, ಹಣೆಗೆ ಕುಂಕುಮವಿಟ್ಟು, ಒಂದು ಎಸಳು ಕನಕಾಂಬರ ಮುಡಿಸಿದ್ದರು. ನಾಣಿ ಕೈಮುಗಿದ. ಸಂಡಿಗೆಯ ಎಣ್ಣೆ ಅಂಟಿದ ಕೈಗಳನ್ನು ಜೋಡಿಸಿ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿದ. ಸುಮುಖ್‌ಗೆ ಹೊಟ್ಟೆಯಲ್ಲಿ ಸಣ್ಣದೊಂದು ಸುಖ ಕದಲಿತು. ಆ ಬೀದಿಯಲ್ಲಿ ಆ ಅಂಗಡಿಯ ಮುಂದೆ ಅವನೂ ನಿಂತಿದ್ದ. ಅತ್ತೆ ಆ ಗೊಂಬೆಯನ್ನು ಎತ್ತಿ ಎದೆಯ ಮಟ್ಟಕ್ಕೆ ಹಿಡಿದು ಬಹಳ ಹೊತ್ತು ನೋಡಿದ್ದು, ಅಂಗಡಿಯ ಮುದುಕ ಏನೋ ವಿವರಿಸಹೊರಟಿದ್ದು, ಇವರು ಕನ್ನಡದಲ್ಲೇ "ಗೊತ್ತಪ್ಪ ಗೊತ್ತು, ನಮ್ಮ ಸೀತಮ್ಮ" ಎಂದು ಅವನ ಭುಜ ತಟ್ಟಿದ್ದು ಎಲ್ಲವನ್ನೂ ನೋಡಿದ್ದ. ಅದು ಸೀತೆಯಲ್ಲ ಎಂದು ಅವನಿಗೆ ಗೊತ್ತಿತ್ತು. ಸತ್ತ ಮೇಲೆ ಸ್ವರ್ಗಕ್ಕೂ ಸಲ್ಲದೆ ನರಕಕ್ಕೂ ಸಲ್ಲದೆ ನಡುವಿನ ಬೆಂಕಿಯಲ್ಲಿ ತಮ್ಮ ಪಾಪ ಸುಟ್ಟುಕೊಳ್ಳುತ್ತ ನಿಂತ ಆತ್ಮಗಳಲ್ಲೊಂದು ಅದು. ಆ ಊರಿನ ಓಣಿಗಳ ಗೋಡೆಗೂಡುಗಳಲ್ಲಿ ಅಂಥವನ್ನು ಸಾಲಾಗಿ ನಿಲ್ಲಿಸಿ ದೀಪ ಹಚ್ಚುತ್ತಾರೆಂದು ಹೊರಡುವ ಮೊದಲೇ ಓದಿದ್ದ. ಪ್ರವಾಸಕ್ಕೆ ಮುಂಚೆ ಅವನು ಬಹಳ ಓದಿದ್ದ; ಉಳಿದವರು ಎಲ್ಲಿ ದಕ್ಷಿಣ ಭಾರತದ ಊಟ ಸಿಗುತ್ತದೆಂದು ಹುಡುಕಿದ್ದರು. ಅಂಗಡಿಯಲ್ಲಿ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಹೇಳಲಿಲ್ಲ. ಹೇಳದೆ, ಮಾಡಬಾರದ್ದನ್ನು ಮಾಡುವ ಪುಳಕದಲ್ಲಿ, ತಾನೇ ಕಾರ್ಡ್ ತೆಗೆದು ಕೊಟ್ಟ. ಇಲ್ಲಿ ಬಂದ ಮೇಲೂ, ಪಾಡ್ಯದ ದಿನ ಕಲಶದ ಜೊತೆ ಆ ಪಾಪಿಗೆ ಆರತಿಯಾಗುವಾಗಲೂ, ಗಂಟೆ ಹಿಡಿದು ನಿಂತಿದ್ದ. ಇಂಥ ತಮಾಷೆಯನ್ನು ಯಾರೊಡನಾದರೂ ಹಂಚಿಕೊಳ್ಳಬೇಕು, ಇಲ್ಲವಾದರೆ ಅದು ಹುಳಿಯಾಗುತ್ತದೆ. ಹಿಂದೆಲ್ಲ ಹಂಚಿಕೊಳ್ಳಲು ಜಾಹ್ನವಿ ಇದ್ದಳು.

ಬೆಂಗಳೂರಿನ ಆಫೀಸಿನಲ್ಲಿ ಮೀಟಿಂಗಿನ ನಡುವೆ, ಮೇಜಿನ ಆ ತುದಿಯಿಂದ, 'ಕಾಮೆಂಟರಿ ಎಲ್ಲಿ?' ಎಂದು ಮೆಸೇಜು ಕಳಿಸುತ್ತಿದ್ದವಳು ಅವಳೇ. ಮಾತಾಡುತ್ತಿದ್ದ ಮ್ಯಾನೇಜರನ ಮೂಗು, ಅವನ ಇಂಗ್ಲಿಷು, ಅವನು 'ಫ್ಯಾಮಿಲಿ' ಎಂದಾಗ ಕಣ್ಣು ತೇವ ಮಾಡಿಕೊಳ್ಳುವ ರೀತಿ, ಇವನ್ನೆಲ್ಲ ಸುಮುಖ್ ಎರಡೆರಡು ಸಾಲಿನಲ್ಲಿ ಕೊಯ್ದು ಕಳಿಸುತ್ತಿದ್ದ. ಅವಳು ಕೆಮ್ಮುವವಳಂತೆ ನಟಿಸಿ ಹೊರಗೆ ಓಡುತ್ತಿದ್ದಳು. ಅವನಿಗೆ ಬೇರೇನೂ ಬರುತ್ತಿರಲಿಲ್ಲ. ಹಾಡು ಬರುತ್ತಿರಲಿಲ್ಲ, ಆಟ ಬರುತ್ತಿರಲಿಲ್ಲ, ಕೆಲಸದಲ್ಲೂ ಅಂಥ ಚುರುಕೇನಲ್ಲ. ಜನರ ಬಗ್ಗೆ ಹೇಸುವುದು ಬರುತ್ತಿತ್ತು, ಅದನ್ನು ಅವಳು ಬುದ್ಧಿ ಎಂದು ತಿಳಿದಳು. ತಿಳಿದು ಮದುವೆಯಾದಳು. ಕಳೆದ ಚಳಿಗಾಲದಲ್ಲಿ ಒಂದು ಪಾರ್ಟಿಯಿಂದ ವಾಪಸು ಬರುವಾಗ ಕಾರಿನಲ್ಲಿ ಅವನು ಎಂದಿನಂತೆ ಒಬ್ಬೊಬ್ಬರನ್ನೇ ಬಿಡಿಸುತ್ತಿದ್ದಾಗ ಅವಳು ನಗಲಿಲ್ಲ. ವೈಪರು ಮೂರು ನಾಲ್ಕು ಸಲ ಓಡಾಡಿದ ಮೇಲೆ, "ಸುಮುಖ್, ನಿಂಗೆ ಇವ್ರು ಯಾರೂ ಏನೂ ಮಾಡಿಲ್ಲ," ಎಂದಳು. ಆಮೇಲೆ, "ಮೇ ತಿಂಗಳಲ್ಲಿ ಅಮ್ಮ ಬರ್ತಿದಾಳೆ. ಅವಳ ಹತ್ರ ಇದು ಬೇಡ. ನಂಗೆ ಅದೊಂದು ಆಗಲ್ಲ. ಅವಳ ವಿಷ್ಯದಲ್ಲಿ ನೀನು ಹೀಗೆ ಅಂತ ಗೊತ್ತಾದ್ರೆ ನಂಗೆ ಎಲ್ಲಾನೂ ಹೀಗೇ ಅನ್ಸಿಬಿಡತ್ತೆ." ಎಲ್ಲಾನೂ ಎಂದರೆ ಏನೆಂದು ಅವನು ಕೇಳಲಿಲ್ಲ. ಮೀಟಿಂಗಿನ ಮೆಸೇಜುಗಳೂ ಸೇರಿ ಎಲ್ಲವೂ ಎಂದು ಅವನಿಗೆ ಗೊತ್ತಿತ್ತು. ಅವನ ಬರವಣಿಗೆಗೆ, ಅದನ್ನು ಬರವಣಿಗೆ ಎನ್ನುವುದಾದರೆ, ಇದ್ದ ಒಬ್ಬಳೇ ಓದುವವಳು ಎಲ್ಲವನ್ನೂ ಮೊದಲಿನಿಂದ ಬೇರೆ ಕಣ್ಣಿನಿಂದ ಓದಲು ಶುರುಮಾಡಿದರೆ ಅವನು ಉಳಿಯುವುದಿಲ್ಲ.

ಅದಕ್ಕೇ ಬೆಳಿಗ್ಗೆಯಿಂದ ಅವನು ಅಡುಗೆಕಟ್ಟೆ ಬಿಟ್ಟು ಕದಲಿರಲಿಲ್ಲ. ಅಲ್ಲಿಂದ ಅತ್ತೆಯ ಒಂದೊಂದು ಮಾತೂ ಕೇಳುತ್ತಿತ್ತು. ಪ್ರತಿ ಸಲವೂ ಅವರು ರೋಮ್‌ನಿಂದ ಶುರುಮಾಡಿ, ಬೆಟ್ಟದ ಊರಿಗೆ ಬಂದು, ಓರ್ವಿಯೆತೊ ಎಂಬ ಹೆಸರನ್ನು ಹಲ್ಲಿಲ್ಲದವರು ಚಕ್ಕುಲಿ ತಿಂದಂತೆ ಅಗಿದು, ಅಲ್ಲೊಂದು ಕ್ಷಣ ನಿಲ್ಲುತ್ತಿದ್ದರು. ಆ ಕ್ಷಣದಲ್ಲಿ ಸುಮುಖ್‌ನ ಕೈಯ ಲೋಟ ತುಟಿಯ ಹತ್ತಿರ ನಿಂತುಬಿಡುತ್ತಿತ್ತು. ಆಮೇಲೆ ಅವರು ಸಮುದ್ರಕ್ಕೆ ಇಳಿದರೆ ಇವನು ಕಾಫಿ ಗುಟುಕರಿಸುತ್ತಿದ್ದ. ನವೆಂಬರಿನಲ್ಲಿ ಅವರು ವಾಪಸು ಹೋಗುತ್ತಾರೆ. ಅಲ್ಲಿಯವರೆಗೆ ಹೀಗೆ ಗುಟುಕು ಗುಟುಕಾಗಿ ಕಳೆಯಬೇಕು.

ಓರ್ವಿಯೆತೊದಲ್ಲಿ ಆ ದಿನ ಜಾಹ್ನವಿ ಜೊತೆಗಿರಲಿಲ್ಲ. ಆಫೀಸಿನ ತುರ್ತು ಕರೆಗೆ ಸಿಗಲೇಬೇಕಾದ ಅವಳ ಆನ್-ಕಾಲ್ ವಾರವನ್ನು ಬದಲಾಯಿಸಿಕೊಳ್ಳಲು ಯಾರೂ ಒಪ್ಪಿರಲಿಲ್ಲ. ಸಿಯಾಟಲ್‌ನ ಅಪರಾತ್ರಿಯಲ್ಲಿ ಏನೋ ಕೆಟ್ಟು ಕೂತು, ಬೆಟ್ಟದ ಬುಡದ ಹೋಟೆಲಿನಲ್ಲಿ ಅವಳು ಲ್ಯಾಪ್‌ಟಾಪಿನ ಮುಂದೆ ಸಿಕ್ಕಿಕೊಂಡಳು. "ನೀವಿಬ್ರೂ ಹೋಗ್ಬನ್ನಿ, ಅಮ್ಮನ ಮಂಡಿ ನೋಡ್ಕೋ," ಎಂದಳು. ಹಳಿಬಂಡಿಯಲ್ಲಿ ಮೇಲೆ ಹತ್ತುವಾಗಲೇ ವಸಂತಲಕ್ಷ್ಮಿ ಶುರುಮಾಡಿದ್ದರು. ಪಳನಿಯಲ್ಲೂ ಹೀಗೇ ಇದೆ. ಆ ದ್ರಾಕ್ಷಿ ತೋಟ ನೋಡಿದರೆ ನಂದಿಯ ದಾರಿ ನೆನಪಾಗುತ್ತದೆ. ಮೇಲೆ, ಕಿರಿದಾದ ಓಣಿ ತಿರುಗಿ ಇದ್ದಕ್ಕಿದ್ದಂತೆ ಆ ಚರ್ಚು ಎದುರಾದಾಗ, ಕಪ್ಪುಬಿಳಿ ಪಟ್ಟೆಯ ಕಲ್ಲು, ಚಿನ್ನದ ಬಣ್ಣದ ಮುಖ, ಅಷ್ಟು ವರ್ಷ ಪುಸ್ತಕಗಳಲ್ಲಿ ನೋಡಿ ನೋಡಿ ಕಾದಿದ್ದ ಆ ಮುಖ, ಅದರ ಮುಂದೆ ಅವನ ಎದೆ ಒಂದೇ ಒಂದು ಕ್ಷಣ ಖಾಲಿಯಾದಾಗ, ಪಕ್ಕದಿಂದ ದನಿ ಬಂತು: "ನಮ್ಮ ಫಿಲೋಮಿನಾ ಚರ್ಚು ಇದಕ್ಕಿಂತ ಎತ್ತರ ಅಲ್ವಾ ಸುಮುಖ್?" ಅವನು ಚೌಕದ ಅಂಚಿನ ಕಲ್ಲುಬೆಂಚಿನ ಮೇಲೆ ಅವರನ್ನು ಕೂರಿಸಿದ. ಒಂದು ಫೋಟೋ ತೆಗೆದು ಜಾಹ್ನವಿಗೆ ಕಳಿಸಿದ, 'ಅಮ್ಮ ಫುಲ್ ಖುಷಿ' ಎಂದು. "ಇಲ್ಲೇ ಕೂತಿರಿ, ಟಿಕೆಟ್ ತಗೊಂಡ್ಬರ್ತೀನಿ, ಎಲ್ಲೂ ಹೋಗ್ಬೇಡಿ," ಎಂದ. ಒಂದೇ ಟಿಕೆಟ್ಟು ತೆಗೆದುಕೊಂಡ.

ಒಳಗೆ ಒಂದು ಪಕ್ಕದ ಗುಡಿಯ ಗೋಡೆಗಳ ತುಂಬ ಲೋಕದ ಕೊನೆಯ ದಿನ. ನೆಲದಿಂದ ಸತ್ತವರು ಬರಿಮೈಯಲ್ಲಿ ಏಳುತ್ತಿದ್ದರು, ಹಸಿರು ನೇರಳೆ ಮೈಯ ಪಿಶಾಚಿಗಳು ಪಾಪಿಗಳ ಕಿವಿ ಕಚ್ಚುತ್ತ ಹೆಗಲ ಮೇಲೆ ಹೊತ್ತೊಯ್ಯುತ್ತಿದ್ದವು. ಅವನು ಕುತ್ತಿಗೆ ನೋಯುವವರೆಗೆ ನೋಡಿದ. ತಾನು ನೋಡುತ್ತಿದ್ದೇನೆ ಎಂಬುದನ್ನೂ ನೋಡಿದ. ಇಷ್ಟು ದಿನದ ಪ್ರವಾಸದಲ್ಲಿ ಮೊದಲ ಬಾರಿ ಯಾರೂ ಇದನ್ನು ಮತ್ತಾವುದಕ್ಕೋ ಹೋಲಿಸುತ್ತಿಲ್ಲ ಎನ್ನುವುದರ ಸುಖಕ್ಕೆ ಮತ್ತೊಮ್ಮೆ ಮೊದಲಿನಿಂದ ನೋಡಿದ. ಹೊರಗೆ ಬಂದದ್ದು ಹಿಂದಿನ ಬಾಗಿಲಿಂದಲ್ಲ, ಮುಂದಿನಿಂದಲೇ. ಬೆಂಚಿನಲ್ಲಿ ಅತ್ತೆಯ ಬೆನ್ನು ಕಂಡಿತು. ಕಂಡೂ ಎಡಕ್ಕೆ ತಿರುಗಿದ. ಆ ತಿರುವನ್ನು ಅವನು ಆಮೇಲೆ ಎಷ್ಟೋ ಸಲ ಪರೀಕ್ಷಿಸಿ ನೋಡಿದ್ದಾನೆ, ಕಾಲು ತಾನಾಗಿ ತಿರುಗಿತೇ ಎಂದು. ಇಲ್ಲ, ಅವನೇ ತಿರುಗಿದ. ಒಂದು ಅಂಗಡಿಯ ಹೊರಗಿನ ಮೇಜಿನಲ್ಲಿ ಕೂತು ಆ ಊರಿನ ಬಿಳಿ ವೈನು ಒಂದು ಗ್ಲಾಸು ಕುಡಿದ. ಆಮೇಲೆ ಇನ್ನೊಂದು. ಅತ್ತೆಯ ಫೋನು ಅಲ್ಲಿ ನಡೆಯುವುದಿಲ್ಲ, ಭಾಷೆ ಬರುವುದಿಲ್ಲ, ಕೈಯಲ್ಲಿ ದುಡ್ಡಿಲ್ಲ ಎಂದು ಗೊತ್ತಿತ್ತು. ಆ ಗೊತ್ತಿರುವಿಕೆ ವೈನಿನ ಜೊತೆ ಸಲೀಸಾಗಿ ಇಳಿಯಿತು. ವಾಪಸು ಬಂದಾಗ ನೆರಳು ಬೆಂಚನ್ನು ದಾಟಿತ್ತು. ವಸಂತಲಕ್ಷ್ಮಿ ಅದೇ ಜಾಗದಲ್ಲಿ, ಶಾಲನ್ನು ಸೊಂಟಕ್ಕೆ ಬಿಗಿದುಕೊಂಡು, ಕಾಲು ಜೋಡಿಸಿ ಕೂತಿದ್ದರು. ಏಳಲಿಲ್ಲ. "ಇನ್ನೊಂದ್ಚೂರು ಕೂತ್ಕೊಳೋಣ ಸುಮುಖ್, ಗಾಳಿ ಚೆನ್ನಾಗಿದೆ," ಎಂದರು ಅವನ ಮುಖ ನೋಡದೆ. ಬೆಂಚಿನ ಕಲ್ಲಿನಿಂದ ಕೆಳಗಿನ ಕಲ್ಲಿಗೆ ಒಂದು ಒದ್ದೆ ಗೆರೆ ಇಳಿದು ಒಣಗುತ್ತಿತ್ತು. ಅವನು ಹೇಳಿದ್ದ ಜಾಗ ಬಿಟ್ಟು ಎದ್ದರೆ ಅವನಿಗೆ ಸಿಗದೆ ಹೋದೇನೆಂದು ಅವರು ಎದ್ದಿರಲಿಲ್ಲ. ಅವನಿಗೆ ಆಗ ಬಂದದ್ದು ಅಯ್ಯೋ ಎಂದಲ್ಲ. ಹೇಸಿಗೆ ಬಂತು. ಅದರ ಹಿಂದೆಯೇ, ತೊಳೆಯಲಾಗದ ಹಾಗೆ, ಆ ದೃಶ್ಯವನ್ನು ಎರಡು ಸಾಲಿನಲ್ಲಿ ಹೇಗೆ ಹೇಳಬಹುದೆಂಬ ಮಾತೂ ಬಂತು. ಹಳಿಬಂಡಿಯವರೆಗೆ ಅವನು ನಾಲ್ಕು ಹೆಜ್ಜೆ ಮುಂದೆ ನಡೆದ, ನೋಡಬಾರದೆಂಬ ಸೌಜನ್ಯ ಅದು ಎಂದು ತನಗೆ ತಾನೇ ಹೇಳಿಕೊಳ್ಳುತ್ತ.

ಕರೆಗಂಟೆ ಹೊಡೆದುಕೊಂಡಿತು. ಲಿನ್‌ವುಡ್‌ನಿಂದ ಸ್ವಪ್ನಾ ಬಂದಳು, ಇಳಕಲ್ ಸೀರೆಯ ಮೇಲೆ ಮಳೆಯ ಜಾಕೆಟ್ಟು ತೊಟ್ಟು, ಹಿಂದೆ ಲಂಗ ಎತ್ತಿ ಹಿಡಿದ ಆರೇಳು ವರ್ಷದ ಮಗಳು. ಸ್ವಪ್ನಾ ಜಾಹ್ನವಿಯ ಟೀಮಿನವಳು, ಗದಗಿನ ಕಡೆಯವಳು. ಒಳಗೆ ಕಾಲಿಡುತ್ತಲೇ, "ಅಯ್ಯ ಯವ್ವಾ, ಏನ್ ಚಂದ ಮಾಡೀರಿ ಬಿಡ್ರಿ! ಇಡೀ ಇಟಲೀನ ಹೊತ್ಕೊಂಡ್ ಬಂದೀರಲ್ಲ!" ಎಂದು ಗಲ್ಲಕ್ಕೆ ಕೈ ಹಚ್ಚಿದಳು. ಇವಳ ಉತ್ಸಾಹಕ್ಕೆ ಒಂದು ಸ್ವಿಚ್ಚಿರಬೇಕು, ಮನೆಗೆ ಹೋಗಿ ಆರಿಸುತ್ತಾಳೆ ಎಂದುಕೊಂಡ ಸುಮುಖ್. ಜಾಹ್ನವಿ ತಟ್ಟೆಯಲ್ಲಿ ಅರಿಶಿನ ಕುಂಕುಮ ಜೋಡಿಸುತ್ತಿದ್ದಳು, ಹಸಿರು ರೇಷ್ಮೆಯಲ್ಲಿ, ಕೂದಲು ಎತ್ತಿ ಕಟ್ಟಿ, ಸುಸ್ತಾಗಿ, ಸಂತೋಷವಾಗಿ. ವಸಂತಲಕ್ಷ್ಮಿ ಮತ್ತೆ ರೋಮ್‌ನಿಂದ ಶುರುಮಾಡಿದರು.

"ನಿಮ್ಮ ಮಂಡಿ ಹೆಂಗ ತಡೀತ್ರೀ ಅಮ್ಮಾ, ಅಷ್ಟ್ ಹತ್ತೂದು ಇಳಿಯೂದು?" ಎಂದಳು ಸ್ವಪ್ನಾ.

"ಅಯ್ಯೋ, ನಮ್ಮ ಅಳಿಯಂದಿರಿದ್ರಲ್ಲ," ಎಂದರು ವಸಂತಲಕ್ಷ್ಮಿ. "ಓರ್ವೆಟ್ಟೋಲಿ ಇವಳು ಲ್ಯಾಪ್‌ಟಾಪ್ ಹಿಡ್ಕೊಂಡು ಕೂತ್ಬಿಟ್ಳು. ಸುಮುಖ್ ಅಷ್ಟು ದೂರಾನೂ ನನ್ನ ಕೈ ಬಿಡ್ಲಿಲ್ಲ, ಗೊತ್ತಾ? ಮಗು ಥರ ನೋಡ್ಕೊಂಡ್ರು."

ಲೋಟ ತುಟಿಯ ಹತ್ತಿರ ನಿಂತಿತು. ಬೆಳಿಗ್ಗೆಯಿಂದ ಇದನ್ನು ಅವರು ಯಾರಿಗೂ ಹೇಳಿರಲಿಲ್ಲ.

"ಪುಣ್ಯಾ ಮಾಡೀರಿ," ಎಂದಳು ಸ್ವಪ್ನಾ. "ನಮ್ಮನಿಯವರಿಗೆ ನಮ್ಮವ್ವನ್ನ ಇಲ್ಲೇ ಕಾಸ್ಟ್ಕೋ ಅಂಗಡಿಗೆ ಕರ್ಕೊಂಡ್ ಹೋಗಂದ್ರ ಹೊಟ್ಟಿ ನೋಯ್ತದ."

"ಸುಮುಖ್, ನೀನು ನಮ್ಮ ಗಂಡಸರ ಮಾನ ಉಳಿಸ್ದೆ ಕಣಯ್ಯ!" ಎಂದು ನಾಣಿ ಸೋಫಾದಿಂದ ಕೂಗಿದ. ಜಾಹ್ನವಿ ತಲೆಯೆತ್ತಿ ಗಂಡನನ್ನು ನೋಡಿ ನಕ್ಕಳು. ಆ ನಗುವಿನಲ್ಲಿ ಕೃತಜ್ಞತೆಯಿತ್ತು, ಮೀಟಿಂಗಿನ ಮೇಜಿನಾಚೆಯ ಹುಡುಗಿಯೂ ಸ್ವಲ್ಪ ಇದ್ದಳು. ಅದನ್ನು ಅವನಿಗೆ ತಡೆಯಲಾಗಲಿಲ್ಲ. ಅತ್ತೆ ಯಾಕೆ ಹೀಗೆ ಹೇಳಿದರು? ದಯೆಯೇ? ದಯೆ ತೋರುವಷ್ಟು ಇವರು ಯಾರು? ಅಥವಾ ಇದು ಮೈಸೂರಿನ ಹಳೇ ವರಸೆಯೇ, ಹೊಗಳುತ್ತ ಹೊಗಳುತ್ತ ಕುತ್ತಿಗೆಗೆ ಹಗ್ಗ ಹಾಕಿ, ಎಳೆಯದೆ, ಸುಮ್ಮನೆ ಹಿಡಿದು ಕೂರುವುದು? ಇಲ್ಲ, ಇವರಿಗೆ ಅಷ್ಟು ಸೂಕ್ಷ್ಮ ಎಲ್ಲಿಂದ ಬರಬೇಕು. ಬೆಂಕಿಯಲ್ಲಿ ಬೇಯುವ ಪಾಪಿಗೆ ಹೂ ಮುಡಿಸಿದ ಹೆಂಗಸು. ಈ ಹೆಂಗಸು ಕೊಟ್ಟ ಸರ್ಟಿಫಿಕೇಟು ಹಿಡಿದುಕೊಂಡು ತಾನು ತನ್ನ ಹೆಂಡತಿಯ ಮುಂದೆ ಒಳ್ಳೆಯವನಾಗಿ ನಿಲ್ಲಬೇಕು.

"ಮಾಮ್, ಇಸ್ ಶೀ ಆನ್ ಫೈರ್?" ಎಂದಳು ಸ್ವಪ್ನಾಳ ಮಗಳು ಗೊಂಬೆಯ ಮುಂದೆ ಕುಕ್ಕರಗಾಲಲ್ಲಿ ಕೂತು.

"ಸೀತಾದೇವಿ ಪುಟ್ಟಾ," ವಸಂತಲಕ್ಷ್ಮಿ ಬಾಗಿದರು. "ಅಗ್ನಿ ಅವಳಿಗೇನೂ ಮಾಡಲ್ಲ, ಯಾಕಂದ್ರೆ ಅವಳು..."

"ಅದು ಸೀತೆ ಅಲ್ಲ," ಎಂದ ಸುಮುಖ್.

ಅವನು ಅಡುಗೆಕಟ್ಟೆ ಬಿಟ್ಟು ಈಚೆ ಬಂದಿದ್ದ. ದನಿ ಅವನು ಅಂದುಕೊಂಡಿದ್ದಕ್ಕಿಂತ ಎತ್ತರವಾಗಿತ್ತು. "ಸೀತೆಗೂ ಅದಕ್ಕೂ ಏನೂ ಸಂಬಂಧ ಇಲ್ಲ. ಅದು ಪಾಪ ಮಾಡಿ ಸತ್ತವಳ ಆತ್ಮ. ಶಿಕ್ಷೆ ಅದು. ಆ ಊರಲ್ಲಿ ಸತ್ತವರಿಗೋಸ್ಕರ ಇಡ್ತಾರೆ. ನೀವು ಪಾಡ್ಯದಿಂದ ಪ್ರೇತಕ್ಕೆ ಆರತಿ ಎತ್ತುತಾ ಇದೀರ."

ನಾಣಿ ಮೊದಲು ನಕ್ಕ. ಆಮೇಲೆ ತಾನು ಕೈಮುಗಿದದ್ದು ನೆನಪಾಗಿ ನಿಲ್ಲಿಸಿದ. ಸ್ವಪ್ನಾ ಮಗಳ ತೋಳು ಹಿಡಿದು ಮೆಲ್ಲಗೆ ಹಿಂದಕ್ಕೆಳೆದುಕೊಂಡಳು. "ಸುಮುಖ್," ಎಂದಳು ಜಾಹ್ನವಿ, ಎಚ್ಚರಿಕೆಯ ಸಣ್ಣ ದನಿಯಲ್ಲಿ. "ಅಂಗಡೀಲಿ ಇದ್ಯಲ್ಲ ನೀನು. ಅಲ್ಲೇ ಹೇಳ್ಬಹುದಿತ್ತು."

"ಅವ್ರು ಕೇಳಿದ್ರೆ ತಾನೆ."

ವಸಂತಲಕ್ಷ್ಮಿ ಗೊಂಬೆಯನ್ನೇ ನೋಡುತ್ತಿದ್ದರು. ಅವರ ಮುಖದಲ್ಲಿ ಅವನು ಕಾದಿದ್ದದ್ದು, ನಾಚಿಕೆಯ ಆ ಕೆಂಪು, ಬರಲಿಲ್ಲ. ಕೂರಿಸಿದ ಗೊಂಬೆಯನ್ನು ದಶಮಿಗೆ ಮೊದಲು ಅಲುಗಿಸುವ ಹಾಗಿಲ್ಲ. ಅವರು ಅದನ್ನು ಎತ್ತಿಡಲೂ ಹೋಗಲಿಲ್ಲ. ಪಾಠ ಕೇಳುವವರ ಹಾಗೆ ಅವನ ಕಡೆ ತಿರುಗಿದರು.

"ಹೌದಾ? ನಂಗೆ ಗೊತ್ತಾಗ್ಲಿಲ್ಲ ನೋಡಿ. ಮತ್ತೆ ಕೈ ಯಾಕೆ ಹಾಗೆ ಎತ್ತಿದಾಳೆ?"

"ಸಹಾಯಕ್ಕೆ. ಬದುಕಿರೋರು ಯಾರಾದ್ರೂ ಬಂದು ತನಗೋಸ್ಕರ ಪ್ರಾರ್ಥನೆ ಮಾಡ್ಲಿ ಅಂತ."

"ಅವಳಾಗಿ ಅವಳು ಈಚೆ ಬರೋಕಾಗಲ್ವಾ?"

"ಇಲ್ಲ. ಇಟ್ಟ ಜಾಗದಲ್ಲೇ ಇರ್ಬೇಕು." ತಿಳಿದದ್ದನ್ನು ಹೇಳುವ ಉಮೇದು ಅವನನ್ನು ಎಳೆದುಕೊಂಡು ಹೋಗುತ್ತಿತ್ತು. "ಯಾರಾದ್ರೂ ಬರೋ ತನಕ ಕಾಯೋದೇ ಶಿಕ್ಷೆ. ಎಷ್ಟು ಹೊತ್ತು ಅಂತಾನೂ ಗೊತ್ತಿರಲ್ಲ."

ಹೇಳಿ ಮುಗಿಸಿದ ಮೇಲೆ ತಾನು ಹೇಳಿದ್ದೇನೆಂದು ಅವನಿಗೆ ಕೇಳಿಸಿತು.

"ಪಾಪ," ಎಂದರು ವಸಂತಲಕ್ಷ್ಮಿ. ಗೊಂಬೆಯ ತಲೆಯ ಮೇಲಿನ ಕನಕಾಂಬರವನ್ನು ಬೆರಳ ತುದಿಯಿಂದ ಸರಿಮಾಡಿದರು. "ಒಂದಕ್ಕೆ ಹೋಗ್ಬೇಕು ಅಂದ್ರೂ ಏಳೋ ಹಾಗಿಲ್ಲ."

ನಾಣಿ ಸೋಫಾ ಅಲುಗುವ ಹಾಗೆ ನಕ್ಕ. "ಒಳ್ಳೇ ಪಾಯಿಂಟು ಅಮ್ಮ! ಪಾದ್ರಿಗಳು ಯೋಚನೆ ಮಾಡಿಲ್ಲ ನೋಡಿ ಅದನ್ನ!" ಸ್ವಪ್ನಾಳೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು, ಸದ್ಯ ಎಲ್ಲ ಸರಿಹೋಯಿತೆಂಬ ಸಮಾಧಾನದಲ್ಲಿ. ಸುಮುಖ್ ನಗಲು ನೋಡಿದ. ಅವನ ಮುಖ ಅವನು ಹೇಳಿದ ಹಾಗೆ ಕೇಳಲಿಲ್ಲ. ಜಾಹ್ನವಿಯ ಕೈಯಲ್ಲಿ ಕುಂಕುಮದ ಬಟ್ಟಲು ಹಾಗೇ ನಿಂತಿತ್ತು.

"ಅಮ್ಮ," ಎಂದಳು. "ಅವತ್ತು ಹೋಟೆಲ್ ಸಿಂಕಲ್ಲಿ ಸೀರೆ ಒಗೆದ್ಯಲ್ಲ. ನಾನು ಕಿರುಚಾಡ್ದೆ."

"ಯಾವತ್ತೇ?"

"ಇವನ ಜೊತೆ ಹೋಗಿ ಬಂದ ದಿನ. ರೇಷ್ಮೆ ಸೀರೇನ ಸೋಪು ಹಾಕಿ ಒಗೀತಿದೀಯ, ಬುದ್ಧಿ ಇಲ್ವಾ ಅಂದೆ. ಬಾತ್‌ರೂಮ್ ಬಾಗ್ಲು ಹಾಕ್ಕೊಂಡೆ ನೀನು."

"ಕಾಫಿ ಚೆಲ್ಲಿತ್ತು ಅಂದ್ನಲ್ಲೆ," ಎಂದರು ವಸಂತಲಕ್ಷ್ಮಿ. ಸ್ವಪ್ನಾಳ ಮಗಳ ಕೈಗೆ ಗೊಂಬೆ ಬಾಗಿನದ ಪೊಟ್ಟಣ ಕೊಡುತ್ತ, ಯಾರ ಮುಖವನ್ನೂ ನೋಡದೆ. "ಕಲೆ ಕೂತ್ಕೋಬಾರ್ದು ಅಂತ."

ಜಾಹ್ನವಿ ಗಂಡನ ಕಡೆ ತಿರುಗಿದಳು. "ಎಲ್ಲಿ ಕುಡಿದ್ರಿ ಕಾಫಿ?"

ಸಾಮಾನ್ಯ ಪ್ರಶ್ನೆ. ನಾಣಿಗೂ ಸ್ವಪ್ನಾಳಿಗೂ ಅದರಲ್ಲಿ ಏನೂ ಕೇಳಿಸಲಿಲ್ಲ. ಅವರು ಉತ್ತರಕ್ಕಾಗಿ ಸೌಜನ್ಯದಿಂದ ಅವನ ಕಡೆ ನೋಡಿದರು. ಅತ್ತೆ ಬಾಗಿಲನ್ನು ತೆರೆದಿಟ್ಟಿದ್ದರು, ಅವನು ಹೊರಗೆ ನಡೆಯಬೇಕಿತ್ತು ಅಷ್ಟೆ. ಇನ್ನೊಂದು ಬಾಗಿಲೂ ಇತ್ತು. ಕುಡಿಯಲಿಲ್ಲ, ನಾನು ಇವರನ್ನು ಬಿಟ್ಟು ಹೋಗಿದ್ದೆ, ಎನ್ನುವ ನಾಲ್ಕೈದು ಪದಗಳ ಬಾಗಿಲು. ಅವನು ಆ ಪದಗಳನ್ನು ಬಾಯಲ್ಲಿ ಇಟ್ಟು ತೂಗಿದ. ಆಮೇಲೆ ಹೇಳತೊಡಗಿದ. ಚೌಕದ ಮೂಲೆಯಲ್ಲಿ ಒಂದು ಅಂಗಡಿ, ಹಸಿರು ಛತ್ರಿ ಹಾಕಿದ್ದರು, ಕಬ್ಬಿಣದ ಕುರ್ಚಿ, ಒಂದು ಕಾಲು ಗಿಡ್ಡ, ನೆಲ ಕಲ್ಲಿನದಲ್ಲವಾ, ಅಲುಗುತ್ತಿತ್ತು. ಅಮ್ಮ ಹಾಲು ಜಾಸ್ತಿ ಹಾಕಿಸಿ ಎಂದರು, ಅಂಗಡಿಯವನು ಒಂದು ಬಕೆಟ್ಟಿನಷ್ಟು ತಂದಿಟ್ಟ, ಪಾರಿವಾಳ ಒಂದು ಮೇಜಿನ ಮೇಲೇ ಬಂದು ಕೂತಿತು, ಅಮ್ಮ ಅದನ್ನು ಓಡಿಸಲು ಹೋಗಿ ಮೊಣಕೈ ತಾಗಿ... ಅವನು ಚೆನ್ನಾಗಿ ಹೇಳುತ್ತಿದ್ದ. ಕುರ್ಚಿಯ ಗಿಡ್ಡ ಕಾಲು ನಿಜವಾದದ್ದೇ. ಅವನು ಒಬ್ಬನೇ ಕೂತು ವೈನು ಕುಡಿದ ಕುರ್ಚಿಯದು. ಸ್ವಪ್ನಾ ಪಾರಿವಾಳಕ್ಕೆ ನಕ್ಕಳು. ವಸಂತಲಕ್ಷ್ಮಿ ಹೂಂ, ಹೂಂ ಎಂದು ತಲೆಯಾಡಿಸುತ್ತಿದ್ದರು. ಒಂದು ಕಡೆ, ಪಾರಿವಾಳ ಇನ್ನೂ ಬಂದು ಕೂರುವ ಮೊದಲೇ, ಸ್ವಲ್ಪ ಅವಸರದಲ್ಲಿ ತಲೆ ಆಡಿಸಿಬಿಟ್ಟರು.

ಜಾಹ್ನವಿ ಅವನ ಬಾಯಿ ನೋಡುತ್ತಿರಲಿಲ್ಲ. ತಾಯಿಯ ತಲೆ ನೋಡುತ್ತಿದ್ದಳು, ಮೇಲಕ್ಕೆ ಕೆಳಕ್ಕೆ, ಮೇಲಕ್ಕೆ ಕೆಳಕ್ಕೆ. ಅವನು ಮುಗಿಸಿದ. ಅವಳು ಬಟ್ಟಲಿಗೆ ಬೆರಳದ್ದಿದಳು. ಸ್ವಪ್ನಾಳ ಹಣೆಗೆ ಕುಂಕುಮವಿಟ್ಟಳು, ತಾಂಬೂಲ ಕೊಟ್ಟಳು, ಬಗ್ಗಿ ಅವಳ ಮಗಳ ಕೆನ್ನೆ ಸವರಿದಳು. ಎದ್ದು ನಿಂತು, ತ್ವರೆಯಿಲ್ಲದೆ, ಬೆರಳಿಗಂಟಿದ ಕುಂಕುಮ ಒರೆಸಿಕೊಳ್ಳುತ್ತ ಹೇಳಿದಳು:

"ಪಾರಿವಾಳ ಚೆನ್ನಾಗಿತ್ತು. ನಾಣಿ ಅಂಕಲ್, ನಿಮ್ಗೆ ಗೊತ್ತಾ, ಇವನು ಇದ್ದಲ್ಲಿ ಒಂದು ಪಾರಿವಾಳ ಬಂದೇ ಬರತ್ತೆ. ಪ್ರಾಣಿಪಕ್ಷಿಗಳಿಗೆ ಇವನ ಮೇಲೆ ತುಂಬಾ ನಂಬ್ಕೆ."

ನಾಣಿ ಹೊಟ್ಟೆ ಹಿಡಿದುಕೊಂಡು ನಕ್ಕ. ಮಾತು ಎರಡೇ ಸಾಲಿನದು. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಂತಿತ್ತು, ದನಿ ಏರಿರಲಿಲ್ಲ, ಕಣ್ಣಿನಲ್ಲಿ ಕೋಪದ ಒಂದು ಎಳೆಯೂ ಇರಲಿಲ್ಲ. ಅಷ್ಟು ಚೊಕ್ಕವಾಗಿ ಕೊಯ್ಯುವುದನ್ನು ಅವಳು ಎಲ್ಲಿ ಕಲಿತಳೆಂದು ಸುಮುಖ್ ಯಾರನ್ನೂ ಕೇಳಬೇಕಾಗಿರಲಿಲ್ಲ.

ಮತ್ತೆ ಕರೆಗಂಟೆಯಾಯಿತು. ಬಾಗಿಲಾಚೆ ಕೊಡೆ ಮಡಿಚುವ ಸದ್ದು, ಹೆಂಗಸರ ಮಾತು, ಚಪ್ಪಲಿ ಬಿಡುವ ಗದ್ದಲ. ವಸಂತಲಕ್ಷ್ಮಿ ಸೆರಗು ಸರಿಮಾಡಿಕೊಂಡು ರೋಮ್‌ನ ಮುಂದೆ ಹೋಗಿ ನಿಂತರು. "ಅಮ್ಮ, ನೀನು ಬಾ, ಒಳಗೆ ಮಲಕ್ಕೋ ಸ್ವಲ್ಪ," ಎಂದು ಜಾಹ್ನವಿ ಅವರ ಕೈ ಹಿಡಿದು, ಗಂಡನನ್ನು ದಾಟಿ, ಮಹಡಿಯ ಮೆಟ್ಟಿಲಿನವರೆಗೆ ಕರೆದುಕೊಂಡು ಹೋದಳು. ಅಲ್ಲಿಂದಲೇ, ಬಂದವರಿಗೆ ಕೇಳುವಂತೆ, ಮನೆಯೊಡತಿಯ ತುಂಬಿದ ದನಿಯಲ್ಲಿ ಕೂಗಿದಳು. "ಬನ್ನಿ ಬನ್ನಿ. ಇನ್ಮೇಲೆ ಸುಮುಖ್ ತೋರಿಸ್ತಾನೆ. ಅವನಿಗೆ ಎಲ್ಲಾ ಗೊತ್ತು."

ನಾಲ್ಕು ಜನ ಹೆಂಗಸರು ಒದ್ದೆ ಕಾಲುಗಳಲ್ಲಿ ಒಳಗೆ ಬಂದು, ಅರ್ಧವೃತ್ತವಾಗಿ ನಿಂತು, ನಗುಮುಖದಿಂದ ಅವನನ್ನು ನೋಡಿದರು. ಮೇಲೆ, ಒಂದೊಂದೇ ಮೆಟ್ಟಿಲು, ಎರಡು ಜೊತೆ ಕಾಲುಗಳು ನಿಧಾನವಾಗಿ ಹತ್ತುವುದು ಕೇಳಿಸುತ್ತಿತ್ತು. ಆಮೇಲೆ ಬಾಗಿಲು ಹಾಕಿಕೊಂಡಿತು. ಅವನು ಗಂಟಲು ಸರಿಮಾಡಿಕೊಂಡ.

"ಇದು," ಎಂದ, "ಬೆಟ್ಟದ ಊರು."